ದ್ವಿಚಕ್ರ ವಾಹನದ ಹಿಡಿಕೆಯೂ ದೇಹದ ನೆಮ್ಮದಿಯೂ



ಕಳೆದ ವರ್ಷ ಜಾತ್ರೆಯ ಅಂಗವಾಗಿ ಶ್ರೀಮಠದ ಆವರಣದಲ್ಲಿ ನಡೆದ ಆರೋಗ್ಯ ತಪಾಸಣಾ ಶಿಬಿರಕ್ಕೆ 46 ವರ್ಷದ ಪ್ರೌಢಶಾಲಾ ಶಿಕ್ಷಕರೊಬ್ಬರು ಬಂದಿದ್ದರು. ಅವರ ಮುಖದಲ್ಲಿ ನೋವಿಗಿಂತ ಅಂಜಿಕೆಯೇ ಹೆಚ್ಚಾಗಿತ್ತು. "ಡಾಕ್ಟರೇ, ಬೆಳಿಗ್ಗೆ ಪೂಜೆಗೆ ಕುಳಿತು ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇರಿಸಿಕೊಂಡರೆ ಕಿರುಬೆರಳು, ಉಂಗುರಬೆರಳು ಇವೆಯೋ ಇಲ್ಲವೋ ತಿಳಿಯದು. ಲಿಂಗ ಎಲ್ಲಿ ಕೈಜಾರೀತೋ ಎಂದು ಬಲಗೈಯನ್ನು ಕೆಳಗೆ ಆಸರೆ ಕೊಟ್ಟುಕೊಳ್ಳುತ್ತೇನೆ. ಎಡಗೈ ಜೋಮು ಅಂದರೆ ಹೃದಯದ ತೊಂದರೆಯೇ ಇರಬೇಕಲ್ಲವೇ?" ಎಂದರು.

ಇಸಿಜಿ ಸರಿಯಾಗಿತ್ತು. ರಕ್ತದೊತ್ತಡ, ರಕ್ತದ ಸಕ್ಕರೆಯೂ ಮಿತಿಯಲ್ಲಿದ್ದವು. ಸೊಂಟದಲ್ಲಿಯೂ ಎರಡು ಭುಜಗಳ ನಡುವೆಯೂ ನೋವಿದೆಯೆಂದು ಅವರು ಆಮೇಲೆ ಹೇಳಿದರು. ಶಾಲೆಗೆ ಹೇಗೆ ಹೋಗುತ್ತೀರಿ ಎಂದು ವಿಚಾರಿಸಿದೆ. ಮನೆಯಿಂದ ಶಾಲೆಗೆ 28 ಕಿಲೋಮೀಟರ್, ಮರಳಿ ಅಷ್ಟೇ ದೂರ, ಮೋಟಾರ್‌ಸೈಕಲ್ಲಿನ ಮೇಲೆ, ಒಂಬತ್ತು ವರ್ಷಗಳಿಂದ. ವಾರಕ್ಕೆ ಸುಮಾರು 12 ಗಂಟೆಗಳ ಸವಾರಿ. "ಮೇಷ್ಟ್ರೇ, ನಿಮ್ಮ ಗಾಡಿಯ ಮೇಲೆ ಒಮ್ಮೆ ಕುಳಿತು ತೋರಿಸಿ" ಎಂದು ಹೊರಗೆ ಕರೆದುಕೊಂಡು ಹೋದೆ. ಐದು ಅಡಿ ಹನ್ನೊಂದು ಅಂಗುಲದ ಆ ಎತ್ತರದ ಮನುಷ್ಯ ಗಾಡಿಯ ಮೇಲೆ ಕುಳಿತೊಡನೆ ಬೆನ್ನು ಬಿಲ್ಲಿನಂತೆ ಬಾಗಿತು, ಕತ್ತು ಮುಂದಕ್ಕೆ ಚಾಚಿತು, ಮೊಣಕೈಗಳು ನೆಟ್ಟಗೆ ಬಿಗಿದವು. ಎದೆಯ ಭಾರವೆಲ್ಲ ಅಂಗೈಗಳ ಮೂಲಕ ಹ್ಯಾಂಡಲ್ಲಿನ ಮೇಲೆ ಬಿದ್ದಿತ್ತು.

ಕಾರಣ ಕಣ್ಣೆದುರಿಗೇ ಇತ್ತು. "ಹ್ಯಾಂಡಲ್ ನಿಮಗೆ ತಗ್ಗಾಯಿತು, ಸ್ವಲ್ಪ ಎತ್ತರಿಸಿಕೊಳ್ಳಿ" ಎಂದು ಹೇಳಿ ಕಳುಹಿಸಿದೆ. ಅದು ಅರ್ಧ ಸಲಹೆಯಾಗಿತ್ತು. ಆ ಅರ್ಧ ಸಲಹೆ ಎಂಥ ಗಂಡಾಂತರಕ್ಕೆ ದಾರಿ ಮಾಡಿತೆಂಬುದನ್ನು ಮುಂದೆ ಹೇಳುತ್ತೇನೆ. ಅಂದು ಹೇಳದೆ ಉಳಿದ ಇನ್ನರ್ಧವನ್ನು ಪೂರ್ಣಗೊಳಿಸುವುದೇ ಈ ಲೇಖನದ ಉದ್ದೇಶ. ಹಾಲು ಹಾಕುವವರು, ಹೊಲಕ್ಕೆ ಹೋಗುವವರು, ಅಂಗಡಿ ಮುಂಗಟ್ಟು ನಡೆಸುವವರು, ಊರೂರು ಸುತ್ತುವ ನೌಕರರು, ಹೀಗೆ ನಮ್ಮ ಭಕ್ತಸಮೂಹದಲ್ಲಿ ಬಹುಮಂದಿಯ ಕಾಯಕ ನಡೆಯುವುದು ಮೋಟಾರ್‌ಸೈಕಲ್ಲಿನ ಮೇಲೆಯೇ ಆದ್ದರಿಂದ ಇದು ಅನೇಕರಿಗೆ ಉಪಯುಕ್ತವಾದೀತೆಂದು ಭಾವಿಸುತ್ತೇನೆ.

ನೋವು ಹುಟ್ಟುವ ಬಗೆ

ಸವಾರನ ದೇಹವು ವಾಹನವನ್ನು ಮೂರು ಕಡೆ ಮುಟ್ಟುತ್ತದೆ: ಸೀಟು, ಕಾಲಿಡುವ ಫುಟ್‌ರೆಸ್ಟ್ ಮತ್ತು ಹ್ಯಾಂಡಲ್. ಈ ಮೂರರ ನಡುವಿನ ಅಂತರವೇ ಬೆನ್ನಿನ ಬಾಗು, ಕತ್ತಿನ ಓರೆ ಮತ್ತು ಮಣಿಕಟ್ಟಿನ ಕೋನವನ್ನು ನಿರ್ಧರಿಸುತ್ತದೆ. ತಯಾರಕರು ಒಂದು ಸರಾಸರಿ ಮೈಕಟ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಅಂತರಗಳನ್ನು ಗೊತ್ತುಮಾಡುತ್ತಾರೆ. ಆ ಸರಾಸರಿಗಿಂತ ಎತ್ತರವಾದವರೂ ಕುಳ್ಳಾದವರೂ ಕೈ ಗಿಡ್ಡವಿರುವವರೂ ತಮ್ಮ ದೇಹವನ್ನೇ ಯಂತ್ರಕ್ಕೆ ಹೊಂದಿಸಿಕೊಂಡು ಕುಳಿತುಬಿಡುತ್ತಾರೆ.

ಬೆನ್ನನ್ನು ಗೂನಾಗಿಸಿ ಮುಂದಕ್ಕೆ ಬಾಗಿ ಕುಳಿತಾಗ ಸೊಂಟದ ಕಶೇರುಗಳ ನಡುವಣ ಮೆತ್ತೆಗಳ, ಎಂದರೆ ಡಿಸ್ಕ್‌ಗಳ ಮೇಲೆ ನಿಂತಿರುವಾಗಿಗಿಂತ ಹೆಚ್ಚು ಒತ್ತಡ ಬೀಳುತ್ತದೆ. ಸ್ವೀಡನ್ ದೇಶದ ಮೂಳೆ ತಜ್ಞ ಆಲ್ಫ್ ನಾಕೆಮ್ಸನ್ ಅವರು 1960ರ ದಶಕದಲ್ಲಿ ಜೀವಂತ ಮನುಷ್ಯರ ಡಿಸ್ಕ್‌ಗಳೊಳಗಿನ ಒತ್ತಡವನ್ನು ನೇರವಾಗಿ ಅಳೆದು ಈ ವಿಷಯವನ್ನು ವೈದ್ಯಲೋಕದ ಗಮನಕ್ಕೆ ತಂದರು. ಇನ್ನು ತಲೆಯ ತೂಕ ನಾಲ್ಕೂವರೆಯಿಂದ 5 ಕಿಲೋ. ಹೆಲ್ಮೆಟ್ಟಿನದು ಒಂದರಿಂದ ಒಂದೂವರೆ ಕಿಲೋ. ತುಂಬಿದ ಕೊಡವನ್ನು ಎದೆಗವುಚಿಕೊಂಡು ಹೊರುವುದಕ್ಕೂ ಕೈಚಾಚಿ ಹೊರುವುದಕ್ಕೂ ಇರುವ ಅಂತರವನ್ನು ನಮ್ಮ ತಾಯಂದಿರು ಬಲ್ಲರು. ತಲೆ ಮುಂದಕ್ಕೆ ಚಾಚಿದಷ್ಟೂ ಕತ್ತಿನ ಹಿಂಭಾಗದ ಸ್ನಾಯುಗಳ ಮೇಲೆ ಭಾರ ಹೆಚ್ಚುವುದೂ ಹಾಗೆಯೇ.

ಜೋಮಿನ ಮೂಲ ಅಂಗೈಯಲ್ಲಿದೆ. ಕಿರುಬೆರಳಿಗೂ ಉಂಗುರಬೆರಳಿನ ಅರ್ಧಕ್ಕೂ ಸ್ಪರ್ಶಜ್ಞಾನ ನೀಡುವ ಅಲ್ನಾರ್ ನರವು ಅಂಗೈಯ ಬುಡದಲ್ಲಿ, ಕಿರುಬೆರಳಿನ ಪಕ್ಕಕ್ಕೆ, ಚರ್ಮಕ್ಕೆ ಬಹಳ ಸಮೀಪವಾಗಿ ಹಾದುಹೋಗುತ್ತದೆ. ಮೈಭಾರವೂ ಎಂಜಿನ್ನಿನ ಕಂಪನವೂ ಗಂಟೆಗಟ್ಟಲೆ ಅದೇ ಜಾಗವನ್ನು ಒತ್ತಿದರೆ ಆ ಬೆರಳುಗಳು ಮರಗಟ್ಟುತ್ತವೆ. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಜೋಮು ಕಂಡರೆ ಅದು ಮಣಿಕಟ್ಟಿನ ನಡುವೆ ಸಾಗುವ ಮೀಡಿಯನ್ ನರದ ದೂರು. ಕ್ಲಚ್ ಅಥವಾ ಬ್ರೇಕಿನ ಲಿವರ್ ಹಿಡಿಯಲು ಮಣಿಕಟ್ಟನ್ನು ಸದಾ ಮೇಲಕ್ಕೆ ಮಡಿಸಿಯೇ ಇರುವವರಿಗೆ ಇದು ಬೇಗ ಬರುತ್ತದೆ. ಆದ್ದರಿಂದ ಯಾವ ಬೆರಳು ಜೋಮು ಹಿಡಿಯುತ್ತದೆಂಬುದನ್ನು ಗಮನಿಸಿ ವೈದ್ಯರಿಗೆ ತಿಳಿಸುವುದು ಉತ್ತಮ.

ಇದು ಕೇವಲ ನೆಮ್ಮದಿಯ ಪ್ರಶ್ನೆಯಲ್ಲ. ಮರಗಟ್ಟಿದ ಕೈ ಬ್ರೇಕನ್ನು ಎಷ್ಟು ಒತ್ತಿದೆನೆಂಬುದನ್ನು ಅರಿಯದು. ನೋಯುವ ಕತ್ತು ಹಿಂದೆ ಬರುವ ವಾಹನವನ್ನು ತಿರುಗಿ ನೋಡದು.

ನಿಮ್ಮ ಕೈ ಎಲ್ಲಿ ನಿಲ್ಲಬಯಸುತ್ತದೆ?

ಹ್ಯಾಂಡಲ್ ತಗ್ಗಾಗಿದೆಯೇ, ದೂರವಾಗಿದೆಯೇ, ಅಥವಾ ಸರಿಯಾಗಿಯೇ ಇದೆಯೇ ಎಂಬುದನ್ನು ಮನೆಯಂಗಳದಲ್ಲಿಯೇ ತಿಳಿಯಬಹುದು. ವಾಹನವನ್ನು ಸಮತಟ್ಟಾದ ನೆಲದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಮನೆಯವರೊಬ್ಬರು ಹಿಡಿದುಕೊಳ್ಳಲಿ. ಫುಟ್‌ರೆಸ್ಟಿನ ಮೇಲೆ ಕಾಲಿಟ್ಟು, ಸೊಂಟವನ್ನು ನೆಟ್ಟಗೆ ಮಾಡಿ, ಎದೆಯನ್ನು ತುಸುವೇ ಮುಂದಕ್ಕೆ ವಾಲಿಸಿ ಕುಳಿತುಕೊಳ್ಳಿ. ಕಣ್ಣು ಮುಚ್ಚಿ, ಭುಜಗಳನ್ನು ಸಡಿಲಬಿಟ್ಟು, ಮೊಣಕೈ ಸ್ವಲ್ಪ ಮಡಿಚಿರುವಂತೆ ಕೈಗಳನ್ನು ಮುಂದಕ್ಕೆ ತನ್ನಿ. ಕೈಗಳು ಆಯಾಸವಿಲ್ಲದೆ ನಿಂತ ಜಾಗದಲ್ಲಿಯೇ ನಿಲ್ಲಿಸಿ ಕಣ್ಣು ತೆರೆಯಿರಿ. ಹ್ಯಾಂಡಲ್ಲಿನ ಹಿಡಿಯು ಕೈಗಳಿಂದ ಎಷ್ಟು ಕೆಳಗಿದೆ, ಎಷ್ಟು ಮುಂದಿದೆ ಎಂಬುದನ್ನು ಅಳತೆಪಟ್ಟಿಯಿಂದ ಅಳೆದು ಬರೆದಿಟ್ಟುಕೊಳ್ಳಿ. ಮೂರು ಬಾರಿ ಹೀಗೆ ಮಾಡಿ. ಬಳಿಕ ಎಂದಿನಂತೆ ಹ್ಯಾಂಡಲ್ ಹಿಡಿದು ಕುಳಿತ ಭಂಗಿಯ ಚಿತ್ರವನ್ನು ಪಕ್ಕದಿಂದ ಮೊಬೈಲಿನಲ್ಲಿ ತೆಗೆಯಿಸಿಕೊಳ್ಳಿ. ಬಹುಮಂದಿಗೆ ತಮ್ಮ ಬೆನ್ನು ಎಷ್ಟು ಬಾಗಿದೆ ಎಂಬುದು ಆ ಚಿತ್ರ ನೋಡಿದಾಗಲೇ ಅರಿವಿಗೆ ಬರುತ್ತದೆ.

ಖರ್ಚಿಲ್ಲದ ಉಪಾಯಗಳು ಮೊದಲು

ಅಂತರ ಒಂದೆರಡು ಸೆಂಟಿಮೀಟರ್ ಮಾತ್ರ ಇದ್ದರೆ ಏನನ್ನೂ ಕೊಳ್ಳಬೇಕಾಗಿಲ್ಲ. ಹೆಚ್ಚಿನ ಮೋಟಾರ್‌ಸೈಕಲ್ಲುಗಳಲ್ಲಿ ಹ್ಯಾಂಡಲ್ ಒಂದು ಬಾಗಿದ ಕೊಳವೆ. ಅದು ನಡುವೆ ಎರಡು ಕ್ಲ್ಯಾಂಪುಗಳ ಹಿಡಿತದಲ್ಲಿರುತ್ತದೆ. ಆ ಬೋಲ್ಟುಗಳನ್ನು ಸಡಿಲಿಸಿ ಕೊಳವೆಯನ್ನು ತುಸು ಹಿಂದಕ್ಕೆ ತಿರುಗಿಸಿ ಮತ್ತೆ ಬಿಗಿದರೆ ಹಿಡಿಗಳು ಸವಾರನ ಹತ್ತಿರಕ್ಕೆ ಬರುತ್ತವೆ.

ಎರಡನೆಯದು ಲಿವರ್‌ಗಳ ಓರೆ. ಸೀಟಿನ ಮೇಲೆ ಕುಳಿತು ಬೆರಳುಗಳನ್ನು ಕ್ಲಚ್ ಹಾಗೂ ಬ್ರೇಕಿನ ಮೇಲಿಟ್ಟಾಗ ಮೊಣಕೈಯಿಂದ ಬೆರಳ ತುದಿಯವರೆಗೆ ಒಂದೇ ನೇರ ರೇಖೆ ಇರಬೇಕು. ಲಿವರ್ ಮೇಲಿದ್ದರೆ ಮಣಿಕಟ್ಟು ಮಡಿಯುತ್ತದೆ. ಅದನ್ನು ಕೆಳಕ್ಕೆ ತಿರುಗಿಸಬೇಕು. ಕ್ಲಚ್ ಕೇಬಲ್ಲಿಗೆ ಎಣ್ಣೆ ಬಿಟ್ಟರೆ ಕೈಗೆ ಬೀಳುವ ಶ್ರಮ ತಾನಾಗಿ ತಗ್ಗುತ್ತದೆ.

ಮೂರನೆಯದು ಸೀಟು. ಹಳೆಯ ಸೀಟಿನ ಸ್ಪಂಜು ಮುಂಭಾಗದಲ್ಲಿ ಕುಸಿದಿದ್ದರೆ ಸವಾರನು ಟ್ಯಾಂಕಿನ ಕಡೆಗೆ ಜಾರುತ್ತಾನೆ. ಆ ಜಾರುವಿಕೆಯನ್ನು ತಡೆಯುವವು ಅಂಗೈಗಳೇ. ಇಂಥಲ್ಲಿ ಹ್ಯಾಂಡಲ್ಲನ್ನು ಎಷ್ಟು ಎತ್ತರಿಸಿದರೂ ಜೋಮು ಹೋಗದು, ಸೀಟು ರಿಪೇರಿಯಾಗಬೇಕು. ಚಕ್ರಗಳ ಗಾಳಿಯು ತಯಾರಕರು ಹೇಳಿದ ಪ್ರಮಾಣದಲ್ಲಿರಬೇಕು. ಹಿಂಬದಿಯ ಶಾಕ್ ಅಬ್ಸಾರ್ಬರ್‌ನ ಬಿಗಿತ ಹೊರುವ ಭಾರಕ್ಕೆ ತಕ್ಕಂತಿರಬೇಕು.

ರೈಸರ್ ಎಂದರೇನು?

ಇಷ್ಟಾದರೂ ಬೆನ್ನು ಬಾಗುವುದು ತಪ್ಪದಿದ್ದರೆ ರೈಸರ್ ನೆರವಿಗೆ ಬರುತ್ತದೆ. ಹ್ಯಾಂಡಲ್ ಕೊಳವೆಯ ಅಡಿಯಲ್ಲಿ, ಅದರ ಕ್ಲ್ಯಾಂಪಿನ ನಡುವೆ ಕೂರಿಸುವ, ಸಾಮಾನ್ಯವಾಗಿ ಅಲ್ಯೂಮಿನಿಯಮ್ಮಿನಿಂದ ಮಾಡಿದ ಒಂದು ಜೊತೆ ಲೋಹದ ತುಂಡುಗಳಿಗೆ ಈ ಹೆಸರು. ಮಾರುಕಟ್ಟೆಯಲ್ಲಿ ಸುಮಾರು 20ರಿಂದ 50 ಮಿಲಿಮೀಟರ್ ಎತ್ತರದವು ಹೆಚ್ಚಾಗಿ ದೊರೆಯುತ್ತವೆ. ಮುಂದಿನ ಫೋರ್ಕು ಹಿಂದಕ್ಕೆ ವಾಲಿರುವುದರಿಂದ ಅದೇ ಓರೆಯಲ್ಲಿ ಎತ್ತರಿಸಿದ ಹ್ಯಾಂಡಲ್ ತುಸು ಸವಾರನ ಕಡೆಗೂ ಸರಿಯುತ್ತದೆ. ಹೆಚ್ಚು ಹಿಂದಕ್ಕೆ ತರಲೆಂದೇ ಓರೆಯಾಗಿ ಮಾಡಿದ ರೈಸರ್‌ಗಳೂ ಇವೆ.

ಕೊಳ್ಳುವಾಗ ಹ್ಯಾಂಡಲ್ಲಿನ ದಪ್ಪವನ್ನು ಕ್ಲ್ಯಾಂಪ್ ಹಿಡಿಯುವ ಜಾಗದಲ್ಲಿಯೇ ಅಳೆಯಬೇಕು. ಸಾಮಾನ್ಯ ಗಾಡಿಗಳಲ್ಲಿ ಅದು ಬಹುಮಟ್ಟಿಗೆ 22 ಮಿಲಿಮೀಟರ್. ಕೆಲವು ದೊಡ್ಡ ವಾಹನಗಳಲ್ಲಿ 28.6 ಮಿಲಿಮೀಟರ್. 22ರ ಕೊಳವೆಗೆ ದೊಡ್ಡ ರೈಸರ್ ಕೊಂಡು ತಗಡು ಸುತ್ತಿ ಹೊಂದಿಸುವ ಸಾಹಸ ಸರ್ವಥಾ ಸಲ್ಲದು. ಹಾಗೆಯೇ ಎಲ್ಲ ವಾಹನಗಳಿಗೂ ರೈಸರ್ ಕೂರದು. ಎರಡು ಹಿಡಿಗಳು ಫೋರ್ಕಿನ ಕೊಳವೆಗಳಿಗೇ ಪ್ರತ್ಯೇಕವಾಗಿ ಕಚ್ಚಿಕೊಂಡಿರುವ ಕ್ಲಿಪ್-ಆನ್ ಬಗೆಯ ಗಾಡಿಗಳಿಗೂ ನಮ್ಮ ಹೆಣ್ಣುಮಕ್ಕಳು ಹೆಚ್ಚಾಗಿ ಓಡಿಸುವ ಸ್ಕೂಟರ್‌ಗಳಿಗೂ ಇದು ಹೊಂದುವುದಿಲ್ಲ. ಅಂಥವರು ಸೀಟು ಮತ್ತು ಕುಳಿತುಕೊಳ್ಳುವ ರೀತಿಯಲ್ಲಿಯೇ ಪರಿಹಾರ ಕಂಡುಕೊಳ್ಳಬೇಕು.

ಅರ್ಧ ಸಲಹೆಯ ಫಲ

ಈಗ ಶಿಕ್ಷಕರ ಕತೆಗೆ ಬರುತ್ತೇನೆ. ನನ್ನ ಮಾತನ್ನು ನಂಬಿ ಅವರು ದಾರಿಬದಿಯ ಅಂಗಡಿಯೊಂದರಲ್ಲಿ, ಇದ್ದುದರಲ್ಲಿ ದೊಡ್ಡದಾದ 50 ಮಿಲಿಮೀಟರ್ ರೈಸರನ್ನೇ ಹಾಕಿಸಿದರು. ಅರ್ಧ ಗಂಟೆಯ ಕೆಲಸ. ಮೊದಲ ವಾರ ಭುಜದ ನೋವು ಇಳಿದು ಹರ್ಷಗೊಂಡರು. ಮುಂದಿನ ವಾರ ಒಂದು ಬೆಳಿಗ್ಗೆ ಶಾಲೆಯ ಗೇಟಿನೊಳಗೆ ನಿಧಾನವಾಗಿ ಎಡಕ್ಕೆ ಪೂರ್ತಿ ಹೊರಳಿಸಿದಾಗ, ಆಕ್ಸಿಲರೇಟರ್ ತಿರುಗಿಸದಿದ್ದರೂ ಎಂಜಿನ್ ತಾನಾಗಿ ಭೋರ್ಗರೆದು ಗಾಡಿ ಮುಂದಕ್ಕೆ ನುಗ್ಗಿತು. ಎದುರಿಗೆ ಇಬ್ಬರು ಮಕ್ಕಳು ಬ್ಯಾಗು ಹೊತ್ತು ನಡೆದಿದ್ದರು. ಶಿಕ್ಷಕರು ಥಟ್ಟನೆ ಕ್ಲಚ್ ಅದುಮಿ ಬ್ರೇಕ್ ಹಿಡಿದರು. ಗಾಡಿ ಮಗುಚಿತು, ಅವರ ಮೊಣಕಾಲು ಕಿತ್ತುಹೋಯಿತು, ಮಕ್ಕಳಿಗೆ ಏನೂ ಆಗಲಿಲ್ಲ. "ಡಾಕ್ಟರೇ, ಒಂದು ಗೇಣು ಹೆಚ್ಚುಕಮ್ಮಿಯಾಗಿದ್ದರೆ ನಾನು ಯಾವ ಮುಖ ಹೊತ್ತು ಆ ಶಾಲೆಗೆ ಹೋಗುತ್ತಿದ್ದೆ?" ಎಂದು ಅವರು ನನ್ನೆದುರು ಕಣ್ಣೀರಿಟ್ಟಾಗ ನನ್ನಲ್ಲಿ ಉತ್ತರವಿರಲಿಲ್ಲ.

ಕಾರಣ ಸರಳ. ಹ್ಯಾಂಡಲ್ಲಿನಿಂದ ಕೆಳಕ್ಕಿಳಿಯುವ ಆಕ್ಸಿಲರೇಟರ್ ಕೇಬಲ್, ಕ್ಲಚ್ ಕೇಬಲ್, ಬ್ರೇಕಿನ ಹೋಸ್, ದೀಪದ ವೈರುಗಳು ಎಲ್ಲವೂ ಮೂಲ ಎತ್ತರಕ್ಕೆ ತಕ್ಕ ಉದ್ದದಲ್ಲಿರುತ್ತವೆ. ಹ್ಯಾಂಡಲ್ ಐದು ಸೆಂಟಿಮೀಟರ್ ಮೇಲೇರಿದಾಗ ಕೇಬಲ್ ಬಿಗಿಯಾಯಿತು; ಎಡಕ್ಕೆ ಹೊರಳಿದಾಗ ಬಲಹಿಡಿ ಇನ್ನಷ್ಟು ದೂರ ಸರಿದು ಕೇಬಲ್ಲನ್ನು ತಾನೇ ಎಳೆಯಿತು. ಕೈ ಮಾಡದ ಕೆಲಸವನ್ನು ಎಳೆತ ಮಾಡಿತು.

ಜೋಡಿಸಿದ ಮೇಲೆ ನೋಡಲೇಬೇಕಾದವು

ಆದ್ದರಿಂದ ರೈಸರ್ ಹಾಕಿಸಿದ ಪ್ರತಿಯೊಬ್ಬರೂ ಗ್ಯಾರೇಜಿನಿಂದ ಹೊರಡುವ ಮುನ್ನ, ಮೆಕ್ಯಾನಿಕ್ ಎಷ್ಟೇ ಅನುಭವಿಯಾಗಿರಲಿ, ತಾವೇ ಮುಂದೆ ನಿಂತು ಈ ಪರೀಕ್ಷೆಗಳನ್ನು ಮಾಡಿಸಬೇಕು.

ಮೊದಲನೆಯದಾಗಿ, ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿಟ್ಟು, ಎಂಜಿನ್ ಚಾಲೂ ಮಾಡಿ, ಹ್ಯಾಂಡಲ್ಲನ್ನು ಎಡದ ಕೊನೆಯಿಂದ ಬಲದ ಕೊನೆಯವರೆಗೆ ನಿಧಾನವಾಗಿ ತಿರುಗಿಸಬೇಕು. ಎಂಜಿನ್ನಿನ ಸದ್ದು ಎಲ್ಲಿಯೂ ಕಿಂಚಿತ್ತೂ ಏರಬಾರದು. ಏರಿದರೆ ಆ ಗಾಡಿಯನ್ನು ರಸ್ತೆಗೆ ಇಳಿಸಬಾರದು.

ಎರಡನೆಯದಾಗಿ, ಎರಡೂ ಕೊನೆಗಳಲ್ಲಿ ಬ್ರೇಕಿನ ಹೋಸನ್ನು ಬೆರಳಿನಿಂದ ಒತ್ತಿ ನೋಡಬೇಕು. ಅದು ತಂತಿಯಂತೆ ಬಿಗಿದಿರದೆ ಸಡಿಲವಾಗಿರಬೇಕು. ಕ್ಲಚ್ ಲಿವರಿನಲ್ಲಿ ಎಂದಿನ ಸಡಿಲ ಉಳಿದಿರಬೇಕು. ಹಿಡಿಗಳು ಅಥವಾ ನಮ್ಮ ಬೆರಳುಗಳು ಟ್ಯಾಂಕಿಗೆ ತಾಗಬಾರದು.

ಮೂರನೆಯದಾಗಿ, ಬೋಲ್ಟುಗಳು. ಎತ್ತರಕ್ಕೆ ತಕ್ಕಂತೆ ಉದ್ದವಾದ ಹೊಸ ಬೋಲ್ಟುಗಳನ್ನು ರೈಸರ್ ಜೊತೆಗೇ ಕೊಡುತ್ತಾರೆ. ಹಳೆಯ ಗಿಡ್ಡ ಬೋಲ್ಟನ್ನೇ ತುದಿಯಲ್ಲಿ ಕಚ್ಚಿಸಿ ಕೈತೊಳೆದುಕೊಳ್ಳುವುದು ಜೀವದೊಡನೆ ಆಡಿದ ಆಟ. 8 ಮಿಲಿಮೀಟರ್ ಬೋಲ್ಟು ಉಕ್ಕಿನಲ್ಲಿ ಕನಿಷ್ಠ 8 ಮಿಲಿಮೀಟರ್, ಅಲ್ಯೂಮಿನಿಯಮ್ಮಿನಲ್ಲಿ ಸುಮಾರು 12 ಮಿಲಿಮೀಟರ್ ಆಳಕ್ಕೆ ಇಳಿದಿರಬೇಕು. ಬಿಗಿತವನ್ನು ಟಾರ್ಕ್ ವ್ರೆಂಚಿನಿಂದ ಅಳೆದೇ ಕೊಡಬೇಕು. ಈ ಗಾತ್ರದ ಬೋಲ್ಟಿಗೆ ಅದು ಸಾಮಾನ್ಯವಾಗಿ 20ರಿಂದ 25 ನ್ಯೂಟನ್-ಮೀಟರ್ ಆಸುಪಾಸಿನಲ್ಲಿರುತ್ತದೆ, ಆದರೆ ನಿಮ್ಮ ವಾಹನದ ಕೈಪಿಡಿಯ ಮಾತೇ ಅಂತಿಮ. ಮಿತಿಮೀರಿದ ಬಿಗಿತದಿಂದಲೂ ಬೋಲ್ಟು ಮುರಿಯುತ್ತದೆ. ನೂರು ಕಿಲೋಮೀಟರ್ ಓಡಿಸಿದ ನಂತರ ಮತ್ತೊಮ್ಮೆ ಪರೀಕ್ಷಿಸಬೇಕು.

ನಾಲ್ಕನೆಯದಾಗಿ, ಒಂದರ ಮೇಲೊಂದು ರೈಸರ್ ಪೇರಿಸಬಾರದು. ಕನ್ನಡಿ ಮತ್ತು ಲಿವರ್‌ಗಳನ್ನು ಹೊಸ ಎತ್ತರಕ್ಕೆ ಮರುಹೊಂದಿಸಬೇಕು. ಮೊದಲ ಸವಾರಿಯನ್ನು ಜನಸಂಚಾರವಿಲ್ಲದ ಬಯಲಿನಲ್ಲಿ, ನಿಧಾನವಾಗಿ, ಹಿಂಬದಿ ಸವಾರರಿಲ್ಲದೆ ಮಾಡಬೇಕು.

ಮೋಟಾರು ವಾಹನ ಕಾಯ್ದೆ, 1988ರ 52ನೆಯ ಕಲಮು ವಾಹನದ ಮಾರ್ಪಾಡಿಗೆ ಮಿತಿಯನ್ನು ಹಾಕಿದೆ. ಆದ್ದರಿಂದ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಮೊದಲೇ ವಿಚಾರಿಸಿ, ತಯಾರಕರೇ ಒದಗಿಸುವ ಅಥವಾ ಒಪ್ಪುವ ಭಾಗವನ್ನು ಆರಿಸಿಕೊಳ್ಳುವುದು ವಾರಂಟಿಯ ದೃಷ್ಟಿಯಿಂದಲೂ ಕ್ಷೇಮ.

ಎತ್ತರಕ್ಕೂ ಒಂದು ಮಿತಿ

ಒಂದು ಅಂಗುಲದಿಂದ ಸುಖ ದೊರೆತರೆ ಎರಡು ಅಂಗುಲದಿಂದ ಇಮ್ಮಡಿ ಸುಖವೆಂಬ ಲೆಕ್ಕ ಇಲ್ಲಿ ನಡೆಯದು. ಕಂಬದಂತೆ ನೆಟ್ಟಗೆ ಕುಳಿತ ಸವಾರನ ಬೆನ್ನುಹುರಿಗೆ ರಸ್ತೆಯ ಪ್ರತಿಯೊಂದು ಹಂಪಿನ, ಗುಂಡಿಯ ಪೆಟ್ಟು ಸೀಟಿನಿಂದ ನೇರವಾಗಿ ಮೇಲಕ್ಕೆ ಹೊಡೆಯುತ್ತದೆ. ತುಸು ಮುಂದಕ್ಕೆ ವಾಲಿದ ಭಂಗಿಯಲ್ಲಿ ಆ ಪೆಟ್ಟನ್ನು ತೊಡೆ, ಸೊಂಟ, ತೋಳುಗಳು ಹಂಚಿಕೊಳ್ಳುತ್ತವೆ. ಎದೆ ನೆಟ್ಟಗಾದಷ್ಟೂ ವೇಗದಲ್ಲಿ ಗಾಳಿಯ ಒತ್ತಡ ಹೆಚ್ಚಿ, ಬೀಳದಿರಲು ಹ್ಯಾಂಡಲ್ಲನ್ನು ಜಗ್ಗಿ ಹಿಡಿಯಬೇಕಾಗುತ್ತದೆ. ಮುಂದಿನ ಚಕ್ರದ ಮೇಲಿನ ಭಾರ ಕಡಿಮೆಯಾಗಿ ತಿರುವಿನಲ್ಲಿ ಹಿಡಿತ ಬೇರೆಯಾಗಿ ತೋರುತ್ತದೆ. ಗಟ್ಟಿ ಲೋಹದ ರೈಸರ್ ಎಂಜಿನ್ನಿನ ಕಂಪನವನ್ನೇನೂ ಹೀರಿಕೊಳ್ಳುವುದಿಲ್ಲ. ಅದಕ್ಕೆ ಮೆತ್ತನೆಯ ಹಿಡಿಕವಚವೂ ಹಿಡಿಯನ್ನು ಬಿಗಿಯದಿರುವ ಅಭ್ಯಾಸವೂ ಬೇಕು. ಅಳೆದು ಕಂಡ ಅಂತರಕ್ಕಿಂತ ಕಡಿಮೆಯಿಂದಲೇ ಆರಂಭಿಸುವುದು ವಿವೇಕ.

ಯಂತ್ರದ ದೂರಲ್ಲದಿದ್ದರೆ

ಎಲ್ಲ ಜೋಮಿಗೂ ಹ್ಯಾಂಡಲ್ಲೇ ಕಾರಣವಲ್ಲ. ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ, ಕತ್ತಿನ ಡಿಸ್ಕಿನ ತೊಂದರೆಗಳಿಂದಲೂ ಕೈ ಮರಗಟ್ಟುತ್ತದೆ. ನಾವು ಶಾಕಾಹಾರಿಗಳು ವಿಶೇಷವಾಗಿ ನೆನಪಿಡಬೇಕಾದುದು ವಿಟಮಿನ್ ಬಿ-12ರ ಕೊರತೆ. ಈ ಪೋಷಕಾಂಶ ಸಸ್ಯಾಹಾರದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ನಮಗೆ ಹಾಲು, ಮೊಸರು, ಮಜ್ಜಿಗೆಗಳೇ ಅದರ ಮುಖ್ಯ ಆಧಾರ. ಕೈಗಳ ಜೊತೆಗೆ ಪಾದಗಳಲ್ಲಿಯೂ ಜೋಮು, ವಿಪರೀತ ಆಯಾಸ ಇದ್ದರೆ ರಕ್ತ ಪರೀಕ್ಷೆ ಮಾಡಿಸಿರಿ. ಎದೆಯಲ್ಲಿ ಬಿಗಿತ, ಬೆವರು, ಉಸಿರಾಟದ ಕಷ್ಟದೊಡನೆ ಎಡಗೈ ನೋವು ಬಂದರೆ ಗಾಡಿಯ ಯೋಚನೆ ಬಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಬೇಕು. ಸೊಂಟನೋವಿನ ಜೊತೆಗೆ ಕಾಲಿನ ಶಕ್ತಿ ಕುಂದಿದರೆ, ಸೀಟಿಗೆ ತಾಗುವ ಭಾಗ ಮರಗಟ್ಟಿದರೆ ಅಥವಾ ಮೂತ್ರದ ಹತೋಟಿ ತಪ್ಪಿದರೆ ಒಂದು ದಿನವೂ ಕಾಯಬಾರದು.

ಎಲ್ಲ ಸರಿಯಿದ್ದರೂ ಒಂದೇ ಭಂಗಿಯಲ್ಲಿ ದೀರ್ಘಕಾಲ ಕುಳಿತಿರುವುದು ದೇಹಕ್ಕೆ ಒಗ್ಗದು. ಮುಕ್ಕಾಲು ಗಂಟೆಗೊಮ್ಮೆ ಗಾಡಿ ನಿಲ್ಲಿಸಿ, ಇಳಿದು, ಸೊಂಟದ ಮೇಲೆ ಕೈಯಿಟ್ಟು ನಿಧಾನವಾಗಿ ಐದು ಬಾರಿ ಹಿಂದಕ್ಕೆ ಬಾಗಿ, ಮುಷ್ಟಿಯನ್ನು ಹತ್ತು ಬಾರಿ ಮುಚ್ಚಿ ತೆರೆಯಿರಿ, ಭುಜಗಳನ್ನು ತಿರುಗಿಸಿ. ಓಡಿಸುವಾಗ ಮೊಣಕಾಲುಗಳಿಂದ ಟ್ಯಾಂಕನ್ನು ಹಗುರವಾಗಿ ಅವುಚಿಕೊಂಡರೆ ಮೈಭಾರ ಕೈಗಳಿಂದ ತೊಡೆಗಳಿಗೆ ಇಳಿಯುತ್ತದೆ.

ಶಿಕ್ಷಕರ ಗಾಡಿಯ 50 ಮಿಲಿಮೀಟರ್ ರೈಸರನ್ನು ತೆಗೆಸಿ, ಅಳತೆ ಮಾಡಿ 25 ಮಿಲಿಮೀಟರಿನದನ್ನು ಹಾಕಿಸಿದೆವು. ಕೇಬಲ್ಲುಗಳ ದಾರಿಯನ್ನು ಸರಿಪಡಿಸಿ, ಎಂಜಿನ್ ಚಾಲೂ ಇಟ್ಟು ಎರಡೂ ಕೊನೆಗಳಿಗೆ ತಿರುಗಿಸಿ ನೋಡುವಾಗ ಈ ಬಾರಿ ನಾನೂ ಪಕ್ಕದಲ್ಲಿ ನಿಂತಿದ್ದೆ. ಸೀಟಿನ ಸ್ಪಂಜನ್ನು ಬದಲಾಯಿಸಿ ಕ್ಲಚ್ ಲಿವರನ್ನು ಕೆಳಕ್ಕೆ ತಿರುಗಿಸಲಾಯಿತು. ಸುಮಾರು ಆರು ವಾರಗಳಲ್ಲಿ ಬೆರಳುಗಳ ಜೋಮು ಇಳಿಯಿತು. ಸೊಂಟನೋವು ಪೂರ್ತಿ ಹೋಗಿಲ್ಲ, ಆದರೆ ಹತೋಟಿಯಲ್ಲಿದೆ. ಈ ವರ್ಷದ ಶಿಬಿರಕ್ಕೆ ಬಂದವರು ಏನೂ ಹೇಳದೆ ಎಡ ಅಂಗೈಯನ್ನು ಚಾಚಿ, ಐದು ಬೆರಳುಗಳನ್ನೂ ಒಂದೊಂದಾಗಿ ಮಡಿಚಿ ತೋರಿಸಿ ನಕ್ಕರು. ಪೂಜೆಗೆ ಕುಳಿತಾಗ ಈಗ ಬಲಗೈಯ ಆಸರೆ ಬೇಕಿಲ್ಲವಂತೆ.

ಭಕ್ತ ಬಂಧುಗಳು ತಮ್ಮ ಗಾಡಿಯ ಮೇಲೆ ಒಮ್ಮೆ ಕಣ್ಣುಮುಚ್ಚಿ ಕುಳಿತು ನೋಡಲಿ. ಬದಲಾವಣೆ ಬೇಕಿದ್ದರೆ ಅಳೆದು, ಪರೀಕ್ಷಿಸಿ ಮಾಡಿಕೊಳ್ಳಲಿ. ಎಲ್ಲರ ಪಯಣವೂ ಸುಖಕರವಾಗಲಿ, ಹೋದವರು ಕ್ಷೇಮವಾಗಿ ಮನೆ ಸೇರಲಿ ಎಂದು ಹಾರೈಸುತ್ತೇನೆ.